ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮರ ಹತ್ತಿದರೆ ಸಾಕೇ? ಅಮೆರಿಕದ ಜಿಂಕೆ ಬೇಟೆಗಾರರ ‘ಟ್ರೀ ಸ್ಟ್ಯಾಂಡ್’ ಕಲಿಸುವ ಪಾಠ

‘ಸೊಂಟಕ್ಕೊಂದು ಹಗ್ಗ ಬಿಗಿದುಕೊಂಡರೆ ಸಾಕು, ಬಿದ್ದರೂ ಏನೂ ಆಗುವುದಿಲ್ಲ.’ ಮರ ಹತ್ತುವವರ ನಡುವೆ ಈ ಮಾತು ಮೊದಲಿನಿಂದಲೂ ಇದೆ. ಇದು ಎಷ್ಟು ನಿಜ? ಅಮೆರಿಕದಲ್ಲಿ ಪ್ರತಿ ವರ್ಷ ಮರದ ಮೇಲೆ ಗಂಟೆಗಟ್ಟಲೆ ಕೂರುವ ಜಿಂಕೆ ಬೇಟೆಗಾರರಿಗೆ ಕೊಡುವ ಸುರಕ್ಷತಾ ತರಬೇತಿಯಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಅಮೆರಿಕದಲ್ಲಿ ಪರವಾನಗಿ ಪಡೆದು, ನಿಗದಿತ ಋತುವಿನಲ್ಲಿ ಜಿಂಕೆ ಬೇಟೆಯಾಡಬಹುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಟ್ರೀ ಸ್ಟ್ಯಾಂಡ್ ಎಂದರೇನು?

ಇದು ಮರದ ಕಾಂಡಕ್ಕೆ ಬಿಗಿಯುವ ಒಂದು ಪುಟ್ಟ ಅಟ್ಟಣೆ. ಸಾಮಾನ್ಯವಾಗಿ ನೆಲದಿಂದ 15-20 ಅಡಿ ಎತ್ತರದಲ್ಲಿರುತ್ತದೆ. ಎತ್ತರದಲ್ಲಿ ಕೂತರೆ ದೂರದವರೆಗೆ ಕಾಣುತ್ತದೆ, ಜಿಂಕೆಯ ಕಣ್ಣಿಗೂ ಮೂಗಿಗೂ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಮುಖ್ಯವಾಗಿ ಮೂರು ಬಗೆ:

- ಲ್ಯಾಡರ್ ಸ್ಟ್ಯಾಂಡ್: ಏಣಿ, ಆಸನ ಎರಡೂ ಒಟ್ಟಿಗೇ ಇರುತ್ತವೆ. ಹೊಸಬರಿಗೆ, ವಯಸ್ಸಾದವರಿಗೆ ಸುಲಭ. ಆದರೆ ಭಾರ ಹೆಚ್ಚು, ಒಬ್ಬರೇ ನಿಲ್ಲಿಸಲು ಹೋಗಬಾರದು.
- ಹ್ಯಾಂಗ್-ಆನ್: ಪಟ್ಟಿ ಅಥವಾ ಸರಪಳಿಯಿಂದ ಕಾಂಡಕ್ಕೆ ಬಿಗಿಯುವ ಹಲಗೆ. ಹತ್ತಲು ಮೆಟ್ಟಿಲುಗಳನ್ನು ಬೇರೆಯಾಗಿ ಕಟ್ಟಬೇಕು. ಮೆಟ್ಟಿಲಿನಿಂದ ಹಲಗೆಗೆ ಕಾಲಿಡುವ ಕ್ಷಣ ಅಪಾಯಕಾರಿ.
- ಕ್ಲೈಂಬರ್: ಇದರಲ್ಲಿ ಎರಡು ಭಾಗಗಳು. ಒಂದಾದ ಮೇಲೊಂದನ್ನು ಸರಿಸುತ್ತಾ ಕಂಬಳಿಹುಳುವಿನಂತೆ ಮೇಲೇರಬೇಕು. ನೇರವಾದ, ಕೊಂಬೆಗಳಿಲ್ಲದ ಕಾಂಡವೇ ಬೇಕು. ಕೆಳಭಾಗ ಜಾರಿಹೋಗದಂತೆ ಎರಡನ್ನೂ ಹಗ್ಗದಿಂದ ಜೋಡಿಸಿರಬೇಕು.

ಕೊಳ್ಳುವಾಗ ಎಷ್ಟು ತೂಕ ತಡೆಯುತ್ತದೆ ಎಂಬುದನ್ನು ನೋಡಿ. ನಿಮ್ಮ ತೂಕದ ಜೊತೆಗೆ ಚಳಿಯ ಬಟ್ಟೆ, ಬೂಟು, ಚೀಲ, ಬಂದೂಕು ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಹಲಗೆಗೆ ಮೊಳೆ ಹೊಡೆದು ಮಾಡಿದ ಹಳೆಯ ಅಟ್ಟಣೆಗಳನ್ನು ನಂಬಬೇಡಿ. ಮಳೆಗೆ ಮರ ಕೊಳೆಯುತ್ತದೆ, ಮೊಳೆ ಸಡಿಲವಾಗುತ್ತದೆ. ಆರಿಸುವ ಮರ ಹಸಿರಾಗಿ, ಗಟ್ಟಿಯಾಗಿ, ನೇರವಾಗಿರಲಿ.

ತಪ್ಪು ನಂಬಿಕೆ 1: ಜಾರಿದರೆ ಕೊಂಬೆ ಹಿಡಿದುಕೊಳ್ಳಬಹುದು

20 ಅಡಿ ಎಂದರೆ ಸುಮಾರು 6 ಮೀಟರ್. ಅಲ್ಲಿಂದ ಬಿದ್ದರೆ ನೆಲ ಮುಟ್ಟಲು 1.1 ಸೆಕೆಂಡ್ ಸಾಕು. ಆಗಿನ ವೇಗ ಗಂಟೆಗೆ ಸುಮಾರು 39 ಕಿಲೋಮೀಟರ್. ಏನಾಯಿತೆಂದು ತಿಳಿಯುವಷ್ಟರಲ್ಲೇ ಎಲ್ಲ ಮುಗಿದಿರುತ್ತದೆ. ಬೆನ್ನುಮೂಳೆಗೆ, ತಲೆಗೆ ಪೆಟ್ಟು ಬಿದ್ದರೆ ಜೀವನವಿಡೀ ಹಾಸಿಗೆ ಹಿಡಿಯಬೇಕಾಗಬಹುದು.

ತಪ್ಪು ನಂಬಿಕೆ 2: ಸೊಂಟದ ಹಗ್ಗ ಸಾಕು

ಬಿದ್ದ ರಭಸವೆಲ್ಲ ಹೊಟ್ಟೆಯ ಸುತ್ತ ಒಂದೇ ಗೆರೆಯ ಮೇಲೆ ಬೀಳುತ್ತದೆ. ಹಗ್ಗ ಪಕ್ಕೆಲುಬಿನವರೆಗೆ ಸರಿದು ಉಸಿರು ಕಟ್ಟಿಸಬಹುದು. ದೇಹ ತಲೆಕೆಳಗಾಗಿ ಹಗ್ಗದಿಂದಲೇ ಜಾರಿಹೋಗಲೂಬಹುದು. ಹೀಗಾಗಿಯೇ ಈಗ ಭುಜ, ಎದೆ, ತೊಡೆಗಳನ್ನು ಸುತ್ತುವ ಪೂರ್ಣ ದೇಹದ ಹಾರ್ನೆಸ್ ಅನ್ನೇ ಬಳಸಲು ಹೇಳುತ್ತಾರೆ. ಅದನ್ನು ಮರಕ್ಕೆ ಜೋಡಿಸುವ ಪಟ್ಟಿ ತಲೆಗಿಂತ ಮೇಲಿರಬೇಕು, ಕೂತಾಗ ಜೋಲಾಡಬಾರದು.

ತಪ್ಪು ನಂಬಿಕೆ 3: ಮೇಲೆ ಕೂತ ಮೇಲೆ ಹಾರ್ನೆಸ್ ಸಿಕ್ಕಿಸಿದರಾಯಿತು

ಬಹಳಷ್ಟು ಅಪಘಾತಗಳು ಹತ್ತುವಾಗ, ಇಳಿಯುವಾಗ, ಸ್ಟ್ಯಾಂಡ್‌ಗೆ ಕಾಲಿಡುವಾಗಲೇ ಆಗುತ್ತವೆ. ಅದಕ್ಕಾಗಿ ಮರದ ಮೇಲಿನಿಂದ ನೆಲದವರೆಗೆ ‘ಲೈಫ್‌ಲೈನ್’ ಎಂಬ ಹಗ್ಗ ಇಳಿಬಿಡುತ್ತಾರೆ. ಅದರ ಮೇಲಿನ ಪ್ರುಸಿಕ್ ಗಂಟು ಕೈಯಿಂದ ತಳ್ಳಿದರೆ ಸರಿಯುತ್ತದೆ, ಭಾರ ಬಿದ್ದರೆ ಬಿಗಿದುಕೊಳ್ಳುತ್ತದೆ. ಹಾರ್ನೆಸ್ ಅನ್ನು ಆ ಗಂಟಿಗೆ ನೆಲದಲ್ಲೇ ಸಿಕ್ಕಿಸಿ, ವಾಪಸ್ ನೆಲ ಮುಟ್ಟಿದ ಮೇಲೇ ಬಿಚ್ಚಬೇಕು. ಹತ್ತುವಾಗ ಎರಡು ಕೈ ಒಂದು ಕಾಲು, ಅಥವಾ ಎರಡು ಕಾಲು ಒಂದು ಕೈ ಸದಾ ಏಣಿಯ ಮೇಲಿರಲಿ. ಬಂದೂಕನ್ನು ಕೈಯಲ್ಲಿ ಹಿಡಿದು ಹತ್ತಬಾರದು. ಗುಂಡು ತೆಗೆದು, ನಳಿಕೆ ಕೆಳಮುಖವಾಗಿರುವಂತೆ ಕಟ್ಟಿ, ಮೇಲೆ ಕೂತ ನಂತರ ಹಗ್ಗದಿಂದ ಎಳೆದುಕೊಳ್ಳಬೇಕು.

ಹಾರ್ನೆಸ್‌ನಲ್ಲಿ ನೇತಾಡಿದರೆ?

ಗಂಡಾಂತರ ಇನ್ನೂ ಮುಗಿದಿರುವುದಿಲ್ಲ. ಅಲುಗಾಡದೆ ನೇತಾಡಿದರೆ ರಕ್ತ ಕಾಲುಗಳಲ್ಲೇ ನಿಂತು ತಲೆಸುತ್ತು ಬರುತ್ತದೆ, ಪ್ರಜ್ಞೆ ತಪ್ಪಬಹುದು. ಹಾರ್ನೆಸ್ ಜೊತೆ ಬರುವ ‘ರಿಲೀಫ್ ಸ್ಟ್ರಾಪ್’ ಎಂಬ ಕುಣಿಕೆಯೊಳಗೆ ಪಾದವಿಟ್ಟು ನಿಲ್ಲಬೇಕು, ಕಾಲು ಆಡಿಸುತ್ತಿರಬೇಕು. ಫೋನ್ ಚೀಲದಲ್ಲಲ್ಲ, ಕೈಗೆಟುಕುವ ಜೇಬಿನಲ್ಲಿರಲಿ. ಯಾವ ಮರ, ಎಷ್ಟು ಹೊತ್ತಿಗೆ ವಾಪಸ್ ಎಂಬುದನ್ನು ಮನೆಯವರಿಗೆ ಹೇಳಿ ಹೋಗಿ.

‘ನೇತಾಡಿದವರನ್ನು ಇಳಿಸಿದ ಕೂಡಲೇ ಮಲಗಿಸಬೇಡಿ, ಹೃದಯ ನಿಲ್ಲುತ್ತದೆ’ ಎಂಬ ಸಲಹೆಯನ್ನೂ ನೀವು ಕೇಳಿರಬಹುದು. ಬ್ರಿಟನ್ನಿನ ಕೆಲಸದ ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇ 2009ರಲ್ಲಿ ಪ್ರಕಟಿಸಿದ ಪರಿಶೀಲನಾ ವರದಿ ಇದಕ್ಕೆ ಆಧಾರ ಕಾಣಲಿಲ್ಲ. ಮಾಮೂಲಿ ಪ್ರಥಮ ಚಿಕಿತ್ಸೆಯನ್ನೇ ಮಾಡಬೇಕು: ಮಲಗಿಸಿ, ಉಸಿರಾಟ ನೋಡಿ, ಆಂಬುಲೆನ್ಸ್ ಕರೆಯಿರಿ.

ನಮಗೇಕೆ ಈ ವಿಷಯ?

ಅಮೆರಿಕದಲ್ಲಿರುವ ಕನ್ನಡಿಗರು ಗೆಳೆಯರ ಜೊತೆ ಬೇಟೆಗೆ ಹೋಗುವುದಿದ್ದರೆ ಇದು ನೇರವಾಗಿ ಬೇಕಾದ ಮಾಹಿತಿ. ನಮ್ಮೂರಲ್ಲಿ ಬೇಟೆ ಇಲ್ಲ, ಆದರೆ ಮರ ಹತ್ತುವ ಕೆಲಸ ಇದೆ. ಮಲೆನಾಡಿನ ಕೊನೆಗೌಡರು ಅಡಿಕೆ ಮರ ಏರುತ್ತಾರೆ, ತೆಂಗಿನಕಾಯಿ ಕೀಳುವವರಿದ್ದಾರೆ, ಕಾಡುಹಂದಿ ಆನೆಗಳ ಕಾವಲಿಗೆ ಹೊಲದ ಅಟ್ಟಣೆಯಲ್ಲಿ ರಾತ್ರಿ ಕಳೆಯುವ ರೈತರಿದ್ದಾರೆ. ಸಲಕರಣೆ ಬೇರೆಯಾದರೂ ಬೀಳುವ ವೇಗ ಒಂದೇ. ಯಾರಾದರೂ ಬಿದ್ದರೆ ಎತ್ತಿ ಕೂರಿಸಲು ಹೋಗಬೇಡಿ. ಕುತ್ತಿಗೆ, ಬೆನ್ನು ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ‘ಸೊಂಟದ ಹಗ್ಗ ಸಾಕು’ ಎಂಬುದು ತಪ್ಪು. ಪೂರ್ಣ ದೇಹದ ಹಾರ್ನೆಸ್ ಬೇಕು, ಅದೂ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ. ಮರ ಹತ್ತುವವರು ಯಾರಾದರೂ ನಿಮಗೆ ಗೊತ್ತಿದ್ದರೆ ಇದನ್ನು ಅವರಿಗೆ ಕಳುಹಿಸಿ.