ಮಿತ್ರಸಂಖ್ಯೆಗಳು: ಕಣ್ತಪ್ಪಿದ ಒಂದು ಜೋಡಿ

ಒಂದು ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಭಾಜಕಗಳನ್ನೆಲ್ಲ ಕೂಡಿಸುವುದು ಎಂಟನೆಯ ತರಗತಿಯ ಹುಡುಗರಿಗೂ ಬರತಕ್ಕ ಲೆಕ್ಕ. 1ರಿಂದ 6ರವರೆಗಿನ ಸಂಖ್ಯೆಗಳಿಗೆ ಈ ಮೊತ್ತಗಳು ಕ್ರಮವಾಗಿ 1, 3, 4, 7, 6, 12. ಏರುತ್ತ ಇಳಿಯುತ್ತ ಸಾಗುವ ಈ ಶ್ರೇಣಿಯಿಂದಲೇ ಮಿತ್ರಸಂಖ್ಯೆಗಳ ವಿಚಾರವು ಹುಟ್ಟಿತು. ಆಯಾ ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿಸಿದರೆ 220ಕ್ಕೆ 284 ಬರುತ್ತದೆ. 284ರ ಭಾಜಕಗಳಾದ 1, 2, 4, 71, 142 ಇವನ್ನು ಕೂಡಿಸಿದರೆ ಮರಳಿ 220. ಈ ಜೋಡಿ ಪ್ರಾಚೀನ ಗ್ರೀಕರಿಗೇ ತಿಳಿದಿತ್ತು.

ಇಂಥ ಜೋಡಿಗಳನ್ನು ಪಡೆಯುವ ಸೂತ್ರವನ್ನು ಸಾಧಿಸಿ ತೋರಿಸಿದವನು ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಸಾಬಿತ್ ಇಬ್ನ್ ಕುರ್ರ. 4ನ್ನು 3ರಿಂದ ಗುಣಿಸಿ 1 ಕಳೆದರೆ 11. ಅದರ ಅರ್ಧವಾದ 2ನ್ನು ಹಾಗೆಯೇ ಮಾಡಿದರೆ 5. 4 ಮತ್ತು 2ರ ಗುಣಲಬ್ಧವನ್ನು 9ರಿಂದ ಗುಣಿಸಿ 1 ಕಳೆದರೆ 71. ಮೂರೂ ಅವಿಭಾಜ್ಯಗಳಾದ್ದರಿಂದ 4×5×11 = 220, 4×71 = 284 ಮಿತ್ರರಾದವು. 8ರಿಂದ ತೊಡಗಿದರೆ 287 ಬರುತ್ತದೆ; ಅದು 7×41, ಆದ್ದರಿಂದ ಜೋಡಿಯಿಲ್ಲ. 16ರಿಂದ ತೊಡಗಿದರೆ 17296, 18416 ದೊರೆಯುತ್ತವೆ.

ಈ ಎರಡನೆಯ ಜೋಡಿಗೆ ಯುರೋಪಿನ ಗ್ರಂಥಗಳು ಬಹುಕಾಲ ಫ್ರಾನ್ಸಿನ ಫರ್ಮಾನ ಹೆಸರನ್ನೇ ಕೊಟ್ಟವು. ಅವನು ಅದನ್ನು ತಿಳಿಸಿದ್ದು 1636ರಲ್ಲಿ. ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಮರಾಕೇಶದ ಇಬ್ನ್ ಅಲ್-ಬನ್ನಾ ಮತ್ತು ಪಾರಸಿಕ ವಿದ್ವಾಂಸ ಕಮಾಲುದ್ದೀನ್ ಅಲ್-ಫಾರಿಸಿ ಅದನ್ನು ಅರಿತಿದ್ದರು. ಹೆಸರಿಡುವುದರಲ್ಲಿ ಗ್ರಂಥಕರ್ತರು ಅವಸರಪಟ್ಟರೆಂದೇ ನನ್ನ ಅಭಿಪ್ರಾಯ. 1638ರಲ್ಲಿ ದೆಕಾರ್ತನು 9363584, 9437056 ಎಂಬ ಜೋಡಿಯನ್ನು ಮುಂದಿಟ್ಟನು. ಅದೂ ಸಾಬಿತನ ಸೂತ್ರದ್ದೇ ಫಲ. 1747ರಲ್ಲಿ ಆಯ್ಲರನು ಬೇರೆ ಬೇರೆ ಅಚ್ಚುಗಳನ್ನು ಯೋಚಿಸಿ 30 ಜೋಡಿಗಳ ಪಟ್ಟಿಯನ್ನೇ ಪ್ರಕಟಿಸಿದನು.

ಇಷ್ಟು ಮಂದಿ ಮಹಾಮತಿಗಳು ಲಕ್ಷಗಳಲ್ಲಿ, ಕೋಟಿಗೆ ಸಮೀಪದಲ್ಲಿ ತಡಕುತ್ತಿದ್ದಾಗ, ಸಾವಿರದ ಆಚೆಯೇ ಒಂದು ಜೋಡಿ ಕುಳಿತಿತ್ತು: 1184 ಮತ್ತು 1210. 1866ರಲ್ಲಿ ಅದನ್ನು ಪ್ರಕಟಿಸಿದವನು ಇಟಲಿಯ ಹದಿನಾರು ವರ್ಷದ ಹುಡುಗ, ನಿಕೊಲೊ ಪಗನೀನಿ. (ಪ್ರಖ್ಯಾತ ಪಿಟೀಲುವಾದಕನ ಹೆಸರೂ ಅದೇ, ಆದರೆ ಇವನು ಬೇರೆ.) 1184 ಎಂದರೆ 32×37, 1210 ಎಂದರೆ 2×5×11×11. ಸಾಬಿತನ ಅಚ್ಚಿಗೆ ಇವು ಹೊಂದುವುದೇ ಇಲ್ಲ. ಹುಡುಗನು ತನ್ನ ವಿಧಾನವನ್ನು ಹೇಳಲಿಲ್ಲ; ಒಂದೊಂದೇ ಸಂಖ್ಯೆಯನ್ನು ಪರೀಕ್ಷಿಸುತ್ತ ಹೋಗಿರಬೇಕೆಂದು ನನಗೆ ತೋರುತ್ತದೆ. ಸೂತ್ರ ಬರೆಯದೆ, ಬರಿಯ ಪ್ರಯತ್ನದಿಂದ ಸರಿಯುತ್ತರ ತಂದ ವಿದ್ಯಾರ್ಥಿಯ ಅಂಕ ಕಡಿದ ಉಪಾಧ್ಯಾಯರಲ್ಲಿ ನಾನೂ ಒಬ್ಬ. ಈ ಸಂಗತಿಯನ್ನು ಓದಿದ ದಿನ ನನ್ನ ಕೆಂಪು ಶಾಯಿಯ ನೆನಪಾಯಿತು.

ಇಂದು ಗಣಕಯಂತ್ರಗಳು ಅಸಂಖ್ಯ ಜೋಡಿಗಳನ್ನು ಹೊರತೆಗೆದಿವೆ. ಆದರೂ ಒಂದು ಸಮಸಂಖ್ಯೆ, ಮತ್ತೊಂದು ಬೆಸಸಂಖ್ಯೆಯಾದ ಜೋಡಿ ಯಾರಿಗೂ ಸಿಕ್ಕಿಲ್ಲ. ಅಂಥದು ಇರಲಾರದೆಂದು ಸಾಧಿಸಿದವರೂ ಇಲ್ಲ.