ಮನೆಯಲ್ಲಿ ವೈನ್: ಜಾಡಿ ಯಾರ ಮನೆಯಲ್ಲಿದೆಯೋ ಜವಾಬ್ದಾರಿ ಅವರದೇ

ಕೊಟ್ಟೂರು ತೇರು, ಮೈಲಾರದ ಕಾರ್ಣಿಕ ಮುಗಿಯುವ ಹೊತ್ತಿಗೆ ಪೇಟೆಗಳಲ್ಲಿ ದ್ರಾಕ್ಷಿ ಗಾಡಿಗಳು ಸಾಲುಗಟ್ಟಿ ನಿಲ್ತವೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆ ದಾಳಿಂಬೆ ತೋಟ ಇರುವವರ ಮನೆಯಲ್ಲಿ ಒಡಕು ಹಣ್ಣು, ಸಣ್ಣ ಹಣ್ಣು ಹಂಗೇ ಉಳೀತವೆ. ಇಂಥ ಹೊತ್ತಲ್ಲೇ ಗೆಳೆಯರ ಗುಂಪಲ್ಲಿ ಯಾರಾದ್ರೂ ಒಬ್ಬರು ಮೊಬೈಲ್‌ನಲ್ಲಿ ವಿಡಿಯೋ ತೋರಿಸಿ ‘ನಾವೂ ವೈನ್ ಮಾಡೋಣ’ ಅಂತಾರೆ. ಜಾಡಿ ತೊಳೆಯೋ ಮುನ್ನ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಕಾನೂನು ಏನು ಹೇಳುತ್ತೆ?

1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ‘ಮದ್ಯ’ ಅಂದ್ರೆ ಬ್ರಾಂದಿ, ವಿಸ್ಕಿ ಮಾತ್ರ ಅಲ್ಲ. ವೈನ್, ಬಿಯರ್, ಸೇಂದಿ ಮತ್ತು ಆಲ್ಕೋಹಾಲ್ ಇರುವ ಎಲ್ಲ ದ್ರವವೂ ಅದರಲ್ಲಿ ಸೇರುತ್ತೆ. ಕಾಯ್ದೆಯ 13ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಇದನ್ನು ತಯಾರಿಸುವಂತಿಲ್ಲ. ತಯಾರಿಸುವ ಉದ್ದೇಶಕ್ಕೆ ಪಾತ್ರೆ, ಸಾಮಾನು ಇಟ್ಟುಕೊಳ್ಳುವುದಕ್ಕೂ ಅದೇ ನಿರ್ಬಂಧ ಇದೆ.

‘ಮಾರಲ್ಲ, ನಾವೇ ಕುಡೀತೀವಿ’ ಅನ್ನೋ ಮಾತು ಇಲ್ಲಿ ನಡೆಯಲ್ಲ. ನಾಲ್ಕು ಜನ ಸೇರಿ ದುಡ್ಡು ಹಾಕಿದ್ರೂ ಜಾಡಿ ಇರೋದು ಒಬ್ಬರ ಮನೆಯಲ್ಲಿ. ತಪಾಸಣೆ ಬಂದ್ರೆ ಮೊದಲು ಉತ್ತರ ಕೊಡಬೇಕಾದವರು ಆ ಮನೆಯವರು. ಅಂಗಡಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಗಿರಾಕಿಗೆ ಒಂದು ಬಾಟಲಿ ಕೊಟ್ಟು ದುಡ್ಡು ಇಸ್ಕೊಂಡ್ರೆ ಅದು ಮಾರಾಟವೇ.

ಕೊಡಗಿನಲ್ಲಿ ಹೆಂಗೆ ಮಾಡ್ತಾರೆ?

ಈ ಪ್ರಶ್ನೆ ಎಲ್ಲರೂ ಕೇಳ್ತಾರೆ. ಮಡಿಕೇರಿಗೆ ಟೂರ್ ಹೋದವರು ಅಂಗಡಿಗಳಲ್ಲಿ ‘ಹೋಮ್ ಮೇಡ್ ವೈನ್’ ಬಾಟಲಿ ನೋಡಿರ್ತಾರೆ. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆ ಹೆಸರಲ್ಲೆಲ್ಲ ಅಲ್ಲಿ ಸಿಗ್ತವೆ. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ದ್ರಾಕ್ಷಿ ವೈನ್ ಹಾಕುವ ರೂಢಿ ಹಳೆಯದು. ಆದರೆ ರೂಢಿ ಬೇರೆ, ಲೈಸೆನ್ಸ್ ಬೇರೆ. ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ.

2007ರಲ್ಲಿ ರಾಜ್ಯದಲ್ಲಿ ಎರಡು ಬದಲಾವಣೆ ಆದವು. ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲ ಆಗಲಿ ಅಂತ ಸರ್ಕಾರ ವೈನ್ ನೀತಿ ತಂತು. ಆ ನೀತಿ ಇರೋದು ಲೈಸೆನ್ಸ್ ಪಡೆದ ವೈನರಿಗಳಿಗೆ, ಮನೆ ಜಾಡಿಗಲ್ಲ. ಪಕ್ಕದ ಕೇರಳ 2022ರಲ್ಲಿ ಹಣ್ಣಿನ ವೈನ್ ಮಾಡುವ ಸಣ್ಣ ಘಟಕಗಳಿಗೆ ನಿಯಮ ಮಾಡಿತು. ಅಲ್ಲೂ ಲೈಸೆನ್ಸ್ ಬೇಕೇ ಬೇಕು.

ಜಾಡಿಯೊಳಗೆ ಏನು ನಡೆಯುತ್ತೆ?

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬೋದು, ಅಂಬಲಿ ಹುಳಿ ಬರೋದು ಎಲ್ಲರಿಗೂ ಗೊತ್ತು. ಇದೂ ಅದೇ ಜಾತಿ ಕೆಲಸ. ಈಸ್ಟ್ ಅನ್ನೋ ಸೂಕ್ಷ್ಮಜೀವಿ ಹಣ್ಣಿನ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಗಾಳಿ ಬಿಡುತ್ತೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದ್ರೆ ಶೇ 1ರಷ್ಟು ಆಲ್ಕೋಹಾಲ್ ಆಗುತ್ತೆ. ಲೀಟರಿಗೆ 200 ಗ್ರಾಂ ಸಕ್ಕರೆ ಇರುವ ದ್ರಾಕ್ಷಿ ರಸ ಪೂರ್ತಿ ಹುದುಗಿದ್ರೆ ಸುಮಾರು ಶೇ 12. ಅಂದ್ರೆ ಬಿಯರ್‌ಗಿಂತ ಎರಡು ಪಟ್ಟು ಗಟ್ಟಿ. ‘ಹಣ್ಣಿನ ರಸ ಅಷ್ಟೇ’ ಅಂತ ಮಕ್ಕಳಿಗೆ, ಬಸುರಿ–ಬಾಣಂತಿಯರಿಗೆ ಕೊಡುವಂಥದ್ದಲ್ಲ.

ಹಣ್ಣು ಹಿಚುಕಿ ಹಾಕೋದು ಒಂದು ದಿನದ ಕೆಲಸ. ಆಮೇಲೆ ವಾರಗಟ್ಟಲೆ ದಿನಾ ತಿರುವಬೇಕು, ಸೋಸಬೇಕು, ಗಸಿ ಬಿಟ್ಟು ತಿಳಿ ಬೇರೆ ಮಾಡಬೇಕು, ತಿಂಗಳುಗಟ್ಟಲೆ ಕಾಯಬೇಕು. ಹಾಕೋ ದಿನ ಗೆಳೆಯರು ನಾಲ್ಕು ಜನ ಇರ್ತಾರೆ. ತಿರುವೋ ದಿನ ಯಾರೂ ಇರಲ್ಲ. ಅಂಗಡಿ, ಹೊಲ, ಮಕ್ಕಳ ಶಾಲೆ ನಡುವೆ ಆ ಕೆಲಸ ಕೊನೆಗೆ ಬೀಳೋದು ಮನೆಯ ಹೆಣ್ಮಕ್ಕಳ ಮೇಲೆ. ಅವರನ್ನು ಒಂದು ಮಾತು ಕೇಳಿರೋದೂ ಇಲ್ಲ.

ಎಲ್ಲಿ ಕೆಡುತ್ತೆ?

ಬಿಸಿಲು: ಈಸ್ಟ್‌ಗೆ 20ರಿಂದ 28 ಡಿಗ್ರಿ ಹಿತ. 35 ದಾಟಿದ್ರೆ ಸೊರಗುತ್ತೆ. ದ್ರಾಕ್ಷಿ ಅಗ್ಗ ಆಗೋದು ಈ ಭಾಗದಲ್ಲಿ ಬಿಸಿಲು ಏರುವ ಹೊತ್ತಲ್ಲೇ. ತಗಡಿನ ಮನೆಯಲ್ಲಿಟ್ಟ ಜಾಡಿ ಅರ್ಧಕ್ಕೇ ನಿಂತು ಕೆಡೋದು ಹೆಚ್ಚು.

ಗಾಳಿ: ಬಾಯಿ ತೆರೆದಿಟ್ರೆ ವಿನಿಗರ್ ಆಗುತ್ತೆ. ಬಿಗಿ ಮುಚ್ಚಿದ್ರೆ ಗಾಳಿ ತುಂಬಿ ಗಾಜು ಸಿಡಿಯುತ್ತೆ. ಮಕ್ಕಳು ಓಡಾಡುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಪಾತ್ರೆ: ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂಗೆ ಹುಳಿ ತಾಗಿದ್ರೆ ಲೋಹ ಬಿಡುತ್ತೆ.

ಬೂಸು: ಮೇಲೆ ಬೂಸು ಕಟ್ಟಿದ್ರೆ ತೆಗೆದು ಕುಡಿಯೋದಲ್ಲ, ಪೂರ್ತಿ ಚೆಲ್ಲಬೇಕು.

ಭಟ್ಟಿ: ‘ಇನ್ನೂ ಗಟ್ಟಿ ಆಗಲಿ’ ಅಂತ ಕಾಯಿಸಿ ಇಳಿಸಲು ಹೋಗೋದು ಎಲ್ಲಕ್ಕಿಂತ ಅಪಾಯ. ಅದು ಕಳ್ಳಭಟ್ಟಿಯೇ. ಆವಿಗೆ ಬೆಂಕಿ ಹೊತ್ತಿಕೊಳ್ಳುತ್ತೆ. ಕಳ್ಳಭಟ್ಟಿಯಲ್ಲಿ ಮೆಥನಾಲ್ ಸೇರಿದ್ರೆ ಕಣ್ಣು, ಜೀವ ಎರಡೂ ಹೋಗುತ್ತೆ.

ಹಣ್ಣು ಉಳಿದಿದ್ರೆ ಏನು ಮಾಡಬಹುದು?

ಅದೇ ಗೆಳೆಯರು, ಅದೇ ಭಾನುವಾರ, ಲೈಸೆನ್ಸ್ ಚಿಂತೆ ಇಲ್ಲದ ಕೆಲಸ ಅಂದ್ರೆ ಶರಬತ್ತು. ದಾಳಿಂಬೆ ಕಾಳು ಹಿಂಡಿ ರಸ ಸೋಸಿ, ಲೀಟರಿಗೆ ಸುಮಾರು 1 ಕೆ.ಜಿ. ಸಕ್ಕರೆ ಹಾಕಿ ಕುದಿಸಿ, ಇಳಿಸುವಾಗ 2 ನಿಂಬೆಹಣ್ಣಿನ ರಸ ಬಿಡಬೇಕು. ಬಿಸಿನೀರಲ್ಲಿ ಕುದಿಸಿ ಒಣಗಿಸಿದ ಬಾಟಲಿಗೆ ಬಿಸಿ ಇರುವಾಗಲೇ ತುಂಬಿ, ತಣ್ಣಗಾದ ಮೇಲೆ ಫ್ರಿಜ್ಜಲ್ಲಿಡಬೇಕು. ಕುದಿಸಿದ್ದಕ್ಕೆ ಈಸ್ಟ್ ಸಾಯುತ್ತೆ, ಹುದುಗಲ್ಲ. ಅರ್ಧ ದಿನದಲ್ಲಿ ಮುಗಿಯುತ್ತೆ, ಆಮೇಲೆ ಯಾರೂ ದಿನಾ ತಿರುವಬೇಕಿಲ್ಲ. ಅಂಗಡಿಯಲ್ಲಿಟ್ಟು ಮಾರೋದಾದ್ರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು.

ವೈನ್‌ನಲ್ಲೇ ವ್ಯಾಪಾರ ಮಾಡಬೇಕು ಅನ್ನೋ ಬೆಳೆಗಾರರು ಮೊದಲು ಅಬಕಾರಿ ಕಚೇರಿಗೆ ಹೋಗಿ ಲೈಸೆನ್ಸ್ ವಿಚಾರಿಸಬೇಕು, ಜಾಡಿ ಆಮೇಲೆ. ಪಕ್ಕದ ಕೊಪ್ಪಳ ಜಿಲ್ಲೆಯ ಬೆಟ್ಟಸಾಲಲ್ಲಿ ದ್ರಾಕ್ಷಿ ಬೆಳೆದು ‘ಕ್ರಸ್ಮಾ’ ಹೆಸರಿನ ವೈನ್ ಮಾಡ್ತಿದ್ದಾರೆ. ಈ ಬಿಸಿಲು ಸೀಮೆಯಲ್ಲೂ ಒಳ್ಳೆ ವೈನ್ ಆಗುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ. ತಂಪು ಕೋಣೆ, ಸ್ಟೀಲ್ ಟ್ಯಾಂಕ್, ಸರ್ಕಾರದ ಕಾಗದ ಮೂರೂ ಇದ್ರೆ.