ಪೆಟ್ಟಿಗೆಯೊಳಗಿನ ಡೊಳ್ಳು

ಅಂಗಡಿಯ ಸಾರಿನ ಪುಡಿಗೂ ಮನೆಯಲ್ಲಿ ಹುರಿದು ಕುಟ್ಟಿದ ಪುಡಿಗೂ ಇರುವ ವ್ಯತ್ಯಾಸವನ್ನು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಗೀತದ ಪೆಟ್ಟಿಗೆಗಳ ಚರಿತ್ರೆಯಲ್ಲೂ ಇದೇ ತಕರಾರು ನಡೆದು ಬಂದಿದೆ. ನಮ್ಮ ಕುಂಸಿಯ ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಒಬ್ಬನೇ ಹುಡುಗ ಕೀಬೋರ್ಡಿನ ಮುಂದೆ ನಿಂತು ಪಿಟೀಲು, ಕೊಳಲು, ಶಹನಾಯಿ ಎಲ್ಲವನ್ನೂ ಕೇಳಿಸುತ್ತಾನಲ್ಲ, ಆ ದನಿಗಳು ಎಲ್ಲಿಯವು? ಯಾರೋ ಎಲ್ಲೋ ನಿಜವಾದ ವಾದ್ಯ ನುಡಿಸಿದ್ದನ್ನು ತುಣುಕು ತುಣುಕಾಗಿ ಹಿಡಿದು ಒಳಗೆ ತುಂಬಿರುತ್ತಾರೆ. ಆ ತುಣುಕಿಗೆ ಸ್ಯಾಂಪಲ್ ಎಂದು ಹೆಸರು.

ಸಿದ್ಧಸ್ವರದ ಪೆಟ್ಟಿಗೆಯ ಮೇಲೆ ನಮ್ಮವರ ಅನುಮಾನ ಹಳೆಯದು. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಹಾರ್ಮೋನಿಯಂನಲ್ಲಿ ಬಾರದೆಂದು ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಟ್ಟುಕೊಂಡದ್ದು 1971ರಲ್ಲಿ. ಆ ವೇಳೆಗೆ ಹೊರದೇಶಗಳಲ್ಲಿ ಬೇರೆಯೇ ಬಗೆಯ ಪೆಟ್ಟಿಗೆ ಬಂದಾಗಿತ್ತು. 1963ರ ಇಂಗ್ಲೆಂಡಿನ ಮೆಲ್ಲೊಟ್ರಾನ್‌ನಲ್ಲಿ ಒಂದೊಂದು ಕೀಗೂ ಒಂದೊಂದು ಟೇಪು. ಒತ್ತಿದರೆ ಪಿಟೀಲೋ ಕೊಳಲೋ ಎಂಟು ಸೆಕೆಂಡು ನುಡಿದು ನಿಲ್ಲುತ್ತಿತ್ತು. ಅಲ್ಲಿಯ ವಾದ್ಯಗಾರರ ಸಂಘಕ್ಕೆ ತಮ್ಮ ಅನ್ನ ಹೋದೀತೆಂಬ ಭಯ. ಅದು ಸುಮ್ಮನೆ ಹುಟ್ಟಿದ ಭಯವಲ್ಲವೆಂದೇ ನನ್ನ ಎಣಿಕೆ.

1979ರಲ್ಲಿ ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರೀ ಫೇರ್‌ಲೈಟ್ ಎಂಬ ಯಂತ್ರ ತಂದರು. ಮೈಕಿನ ಮುಂದೆ ಏನು ಸದ್ದು ಮಾಡಿದರೂ ಅದನ್ನು ಹಿಡಿದು ಕೀಗಳ ಮೇಲೆ ಹರಡಿಕೊಡುತ್ತಿತ್ತು. ಬೆಲೆ ಮಾತ್ರ ಒಂದು ಮನೆಯ ಬೆಲೆ. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ, ತಾವೇ ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಸಂಗೀತದ ಪಾಠ ನಡೆಯುವ ಮನೆಗಳಲ್ಲೆಲ್ಲ ಅದರ ಸಂತತಿಯೇ ಇದೆ.

1988ರಲ್ಲಿ ಜಪಾನಿನಿಂದ ಎರಡು ದಾರಿಗಳೂ ಒಟ್ಟಿಗೇ ಬಂದವು. ಕೋರ್ಗ್ ಎಂ1 ಎಂಬುದು ದನಿಗಳನ್ನು ತುಂಬಿಕೊಂಡೇ ಬಂತು. ಇನ್ನಷ್ಟು ಬೇಕೆಂದರೆ ಕಂಪನಿಯ ಕಾರ್ಡು ಕೊಂಡು ಸಿಕ್ಕಿಸಬೇಕು. ನಿಮ್ಮ ಊರಿನ ಸದ್ದನ್ನು ಅದಕ್ಕೆ ಹಾಕುವಂತಿಲ್ಲ. ಅಕಾಯ್ ಎಸ್1000 ಖಾಲಿ ಡಬ್ಬಿ, ತುಂಬುವವರು ನೀವು. ಮೊದಲಿಗೆ ಅದರ ಹೊಟ್ಟೆ 2 ಮೆಗಾಬೈಟ್, ಎಂದರೆ ಸಿ.ಡಿ.ಯಷ್ಟು ಚೊಕ್ಕವಾದ ದನಿ ಇಪ್ಪತ್ತಮೂರು ಸೆಕೆಂಡು, ಅದೂ ಒಂದೇ ಕಿವಿಯದು.

ತುಂಬುವ ಕೆಲಸವೂ ಸಲೀಸಲ್ಲ. ಒಂದೇ ತುಣುಕನ್ನು ಮೇಲಿನ ಸ್ವರಕ್ಕೆ ಏರಿಸಿದರೆ ಟೇಪು ಜೋರಾಗಿ ಓಡಿಸಿದಂತೆ ಕೀಚಲಾಗುತ್ತದೆ. ಹೀಗಾಗಿ ನಾಲ್ಕೈದು ಸ್ವರಗಳಿಗೊಮ್ಮೆ ಬೇರೆ ಬೇರೆ ಹಿಡಿಯಬೇಕು. ಮೆಲ್ಲಗೆ ನುಡಿಸಿದ್ದು ಬೇರೆ, ಬಿರುಸಾಗಿ ನುಡಿಸಿದ್ದು ಬೇರೆ. ತಂಬೂರಿಯಂಥ ಎಳೆದ ದನಿಗೆ ಕೊನೆಯನ್ನು ಮತ್ತೆ ನಡುವಿಗೆ ಸೇರಿಸಿ ಬಳೆಯಂತೆ ಬೆಸೆಯಬೇಕು. ಬೆಸುಗೆ ಕೆಟ್ಟರೆ ಟಿಕ್ ಟಿಕ್ ಎನ್ನುತ್ತದೆ.

2010ರ ದಶಕದಲ್ಲಿ ರೋಲ್ಯಾಂಡ್ ಎಕ್ಸ್‌ಪಿಎಸ್-10 ನಮ್ಮ ಕಡೆಯ ಆರ್ಕೆಸ್ಟ್ರಾ ಹುಡುಗರ ಕೈಗೂ ಬಂತು. ಸಿದ್ಧ ದನಿಗಳ ಜೊತೆಗೆ ಪೆನ್‌ಡ್ರೈವಿನಿಂದ ನಮ್ಮದನ್ನೂ ಹಾಕಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಸಿದ್ಧ ನಗಾರಿಗಳಾವುವೂ ಡೊಳ್ಳಿಗೆ ಸರಿಬರಲಿಲ್ಲ. ಬರುವುದಾದರೂ ಹೇಗೆ? ಡೊಳ್ಳಿನ ಒಂದು ಮುಖಕ್ಕೆ ಕುರಿಯ ತೊಗಲು, ಇನ್ನೊಂದಕ್ಕೆ ಆಡಿನದು. ಒಂದು ಕಡೆ ಕೋಲು, ಇನ್ನೊಂದು ಕಡೆ ಬರಿಗೈ. ಬೀರಪ್ಪನ ಗುಡಿಯ ಮುಂದೆ ಹನ್ನೆರಡು ಡೊಳ್ಳು ಒಟ್ಟಿಗೆ ಬಿದ್ದರೆ ಎದೆಗೂಡು ಅದುರುತ್ತದೆ. ಅವನು ತಂಡವೊಂದರ ಬಳಿ ಹೋಗಿ ಪೆಟ್ಟು ಪೆಟ್ಟಾಗಿ ಹಿಡಿದುಕೊಂಡು ಬಂದ, ಅವರ ಕೈಗೆ ಒಂದಿಷ್ಟು ದುಡ್ಡನ್ನೂ ಇಟ್ಟ. ಕೇಳಿದರೆ ನಿಜಕ್ಕೂ ಡೊಳ್ಳೇ.

ಮರುವರ್ಷ ಉತ್ಸವವೊಂದರವರು, "ಕೀಬೋರ್ಡಲ್ಲೇ ಡೊಳ್ಳು ಇದೆಯಲ್ಲ" ಎಂದು ತಂಡವನ್ನು ಕರೆಯಲಿಲ್ಲ.

ಈಗ ಹುಡುಗ ಒಂದು ಕಟ್ಟಳೆ ಮಾಡಿಕೊಂಡಿದ್ದಾನೆ: ತಂಡ ಬಂದಿರುವ ಕಡೆ ಆ ಕೀ ಮುಟ್ಟುವುದಿಲ್ಲ, ತಂಡವಿಲ್ಲದ ಕಡೆ ಮಾತ್ರ ಒತ್ತುತ್ತಾನೆ. ತಂಡದ ಹಿರಿಯರಿಗೆ ಇದೂ ಒಪ್ಪಿಗೆಯಿಲ್ಲ. ತಂಡ ಇಲ್ಲದಿರುವುದು ಆ ಕೀಯಿಂದಲೇ ಅಲ್ಲವೇ ಮೇಡಂ, ಎಂದು ನನ್ನನ್ನೇ ಕೇಳುತ್ತಾರೆ.